ಮಂತ್ರಿಯಾದ ಮುಂದಾಳಿಗೆ ಲೆಕ್ಕ ಕೇಳುವವರು ಯಾರು?

ಗಿರಣಿಯ ಬಾಗಿಲಲ್ಲಿ, ಸಂತೆಯ ಕಟ್ಟೆಯ ಮೇಲೆ, ಅಡತಿ ಅಂಗಡಿಯ ಗಾದಿಯ ಮುಂದೆ ಒಂದು ಮಾತು ಮೇಲಿಂದ ಮೇಲೆ ನಮ್ಮ ಕಿವಿಗೆ ಬೀಳುತ್ತದೆ: “ನಮ್ಮವನೊಬ್ಬ ಮಂತ್ರಿಯಾದರೆ ಸಾಕು, ನಮ್ಮ ಬವಣೆ ಹಿಂಗೀತು.” ಈ ಮಾತಿನಲ್ಲಿ ಆಸೆಯಿದೆ, ಆಸೆ ತಪ್ಪಲ್ಲ. ದಿನವಿಡೀ ದುಡಿದು ಸಂಜೆಗೆ ಉದ್ರಿ ಕೇಳಬೇಕಾದವನು, ಆ ಉದ್ರಿ ಕೊಟ್ಟು ಬಾಕಿಗಾಗಿ ಕಾಯಬೇಕಾದ ಸಣ್ಣ ಅಂಗಡಿಕಾರನು, ದೊಡ್ಡ ಕುರ್ಚಿಯ ಮೇಲೆ ತಮ್ಮ ಮುಖ ಕಾಣಲಿ ಎಂದು ಬಯಸಿದರೆ ಅದನ್ನು ನಗುವವರು ನಾವಲ್ಲ. ಆದರೆ ಆ ಆಸೆಯನ್ನು ಒಮ್ಮೆ ತಕ್ಕಡಿಯಲ್ಲಿಟ್ಟು ತೂಗಿ ನೋಡಬೇಕು.

ತೂಗಿ ನೋಡುವುದಕ್ಕೆ ಜಾರ್ಜ್ ಫರ್ನಾಂಡಿಸರ ಜೀವನಕ್ಕಿಂತ ಒಳ್ಳೆಯ ಉದಾಹರಣೆ ಕನ್ನಡ ನಾಡಿನಲ್ಲಿ ನಮಗೆ ಸಿಗಲಾರದು. 1930ರ ಜೂನ್ 3ರಂದು ಮಂಗಳೂರಿನಲ್ಲಿ ಹುಟ್ಟಿದ ಈ ಮನುಷ್ಯ 2019ರ ಜನವರಿ 29ರಂದು ದಿಲ್ಲಿಯಲ್ಲಿ ತೀರಿಕೊಂಡರು. ನಡುವಿನ ಕಾಲದಲ್ಲಿ ಹೊಟೇಲು ಮಾಣಿಗಳ ಸಂಘದಿಂದ ಹಿಡಿದು ದೇಶದ ರೇಲ್ವೆ ನೌಕರರ ಫೆಡರೇಶನ್ನಿನ ಅಧ್ಯಕ್ಷತೆಯ ವರೆಗೆ, ಸೆರೆಮನೆಯ ಸಂಕೋಲೆಯಿಂದ ಹಿಡಿದು ರಕ್ಷಣಾ ಮಂತ್ರಿಯ ಕುರ್ಚಿಯ ವರೆಗೆ ಎಲ್ಲವನ್ನೂ ಕಂಡರು. ಅವರನ್ನು ಹೊಗಳುವವರು ಮುಷ್ಕರದ ಜಾರ್ಜರನ್ನು ಹೊಗಳುತ್ತಾರೆ. ತೆಗಳುವವರು ಮಂತ್ರಿ ಜಾರ್ಜರನ್ನು ತೆಗಳುತ್ತಾರೆ. ಎರಡೂ ಒಬ್ಬ ಮನುಷ್ಯನ ಗುಣದ ಮಾತಾಯಿತು. ನಮ್ಮ ಪ್ರಶ್ನೆ ಬೇರೆ. ಅವರು ಕುರ್ಚಿ ಏರಿದ ಮೇಲೆ ಅವರನ್ನು ಏರಿಸಿದ ದುಡಿಯುವ ಜನ ಎಲ್ಲಿದ್ದರು? ಲೆಕ್ಕ ಕೇಳಿದರೆ? ಕೇಳಲು ಅವರಿಗೊಂದು ಜಾಗವಾದರೂ ಇತ್ತೆ?

ಮೊದಲು ಅವರಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಹದಿನಾರನೆಯ ವಯಸ್ಸಿಗೆ ತಂದೆ ತಾಯಿ ಅವರನ್ನು ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಕಳಿಸಿದರು. ಅಲ್ಲಿ ಹಿರಿಯ ಗುರುಗಳಿಗೊಂದು ಊಟ, ಕಲಿಯುವ ಹುಡುಗರಿಗೊಂದು ಊಟ. ಈ ಪಂಕ್ತಿಭೇದ ಕಂಡು ಮನಸ್ಸು ಮುರಿಯಿತೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಸೆಮಿನರಿ ಬಿಟ್ಟು ಮಂಗಳೂರಿಗೆ ಬಂದು ಹೊಟೇಲು ಹಾಗೂ ಮೋಟಾರು ಕೆಲಸಗಾರರನ್ನು ಸಂಘಟಿಸಿದರು. ಅಲ್ಲಿಂದ ಮುಂಬಯಿಗೆ ಹೋದಾಗ ಮಲಗಲು ಚೌಪಾಟಿಯ ಬಯಲೇ ಗತಿ. ಬಂದರು ಕಾರ್ಮಿಕರ ಮುಂದಾಳು ಪ್ಲಾಸಿಡ್ ಡಿ’ಮೆಲ್ಲೊ ಅವರ ಕೈಕೆಳಗೆ ಸಂಘದ ಕೆಲಸ ಕಲಿತರು, ಡಾ. ರಾಮಮನೋಹರ ಲೋಹಿಯಾ ಅವರಿಂದ ವಿಚಾರ ಕಲಿತರು. 1958ರಲ್ಲಿ ಡಿ’ಮೆಲ್ಲೊ ತೀರಿಕೊಂಡ ಮೇಲೆ ಭಾರ ಇವರ ಹೆಗಲಿಗೆ ಬಂತು. ಮುನಿಸಿಪಾಲಿಟಿಯ ಕಸಗುಡಿಸುವವರು, ಬಂದರಿನ ಹಮಾಲರು, ಟ್ಯಾಕ್ಸಿ ಚಾಲಕರು, ಹೊಟೇಲಿನ ಹುಡುಗರು — ನಗರವನ್ನು ನಡೆಸುವ ಜನವೆಲ್ಲ ಇವರ ಒಂದು ಕರೆಗೆ ಕೆಲಸ ನಿಲ್ಲಿಸುವ ಕಾಲ ಬಂತು.

1961ರಲ್ಲಿ ಮುಂಬಯಿ ಮಹಾನಗರ ಪಾಲಿಕೆಗೆ ಆರಿಸಿಬಂದರು. 1967ರಲ್ಲಿ ದಕ್ಷಿಣ ಮುಂಬಯಿಯಿಂದ ಲೋಕಸಭೆಗೆ ನಿಂತು, ಯಾರೂ ಅಲುಗಿಸಲಾರರು ಎಂದು ಹೆಸರಾಗಿದ್ದ ಕಾಂಗ್ರೆಸ್ಸಿನ ಎಸ್. ಕೆ. ಪಾಟೀಲರನ್ನು ಸೋಲಿಸಿದರು. 1968ರಲ್ಲಿ ಬಡ್ಡಿಯವರ ಬಾಗಿಲು ಕಾಯುವ ಟ್ಯಾಕ್ಸಿ ಚಾಲಕರಂಥವರಿಗೆಂದು ಬಾಂಬೆ ಲೇಬರ್ ಸಹಕಾರಿ ಬ್ಯಾಂಕನ್ನು ಕಟ್ಟಿದರು. ಈ ಬ್ಯಾಂಕಿನ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಮಾತು ಬರಲಿದೆ.

ಇನ್ನು 1974ರ ರೇಲ್ವೆ ಮುಷ್ಕರ. ಸಿರಸಂಗಿಗೆ ರೇಲ್ವೆ ಹಳಿಯಿಲ್ಲ. ಆದರೆ ಹುಬ್ಬಳ್ಳಿಯ ರೇಲ್ವೆ ಕಾರಖಾನೆಯ ಭೋಂಗಾ ಏನೆಂಬುದು ನಮ್ಮ ಸೀಮೆಯ ಜನಕ್ಕೆ ಗೊತ್ತು. ಎಂಜಿನ್ ಏರಿದ ಚಾಲಕನಿಗೆ ಇಳಿಯುವ ಹೊತ್ತು ಗೊತ್ತಿಲ್ಲದ ಕಾಲವದು. ದಿನಕ್ಕೆ 8 ತಾಸಿನ ಕೆಲಸ ಬೇಕು, ಉಳಿದ ಸರಕಾರಿ ಉದ್ಯಮಗಳವರಿಗೆ ಇರುವಂಥ ಪಗಾರ ಬೇಕು, ಬೋನಸ್ಸು ಬೇಕು — ಇವೇ ಮುಖ್ಯ ಬೇಡಿಕೆಗಳು. 1973ರ ನವೆಂಬರದಲ್ಲಿ ಜಾರ್ಜರು ಅಖಿಲ ಭಾರತ ರೇಲ್ವೆ ನೌಕರರ ಫೆಡರೇಶನ್ನಿನ ಅಧ್ಯಕ್ಷರಾದರು. 1974ರ ಮೇ 2ರಂದು ಲಖನೌದಲ್ಲಿ ಅವರನ್ನು ಹಿಡಿದು ಸೆರೆಗೆ ಹಾಕಿದರು. ಮೇ 8ರಂದು ಮುಷ್ಕರ ಆರಂಭವಾಯಿತು. ಸುಮಾರು 17 ಲಕ್ಷ ನೌಕರರು ಅದರಲ್ಲಿ ತೊಡಗಿದ್ದರೆಂದು ಲೆಕ್ಕ. ಸರಕಾರ ಸಾವಿರಾರು ಜನರನ್ನು ಬಂಧಿಸಿತು, ಸಾವಿರಾರು ಜನರನ್ನು ಕೆಲಸದಿಂದ ತೆಗೆಯಿತು, ಹೆಂಗಸರು ಮಕ್ಕಳನ್ನು ರೇಲ್ವೆ ಮನೆಗಳಿಂದ ಬೀದಿಗೆ ಹಾಕಿತು. ಮೇ 27ರಂದು ಕ್ರಿಯಾಸಮಿತಿ ಮುಷ್ಕರವನ್ನು ಹಿಂದೆಗೆದುಕೊಂಡಿತು.

ಒಂದು ವರುಷ ಕಳೆಯುವುದರಲ್ಲಿ, 1975ರ ಜೂನ್ 25ರಂದು, ತುರ್ತುಪರಿಸ್ಥಿತಿ ಬಂತು. ಜಾರ್ಜರು ಭೂಗತರಾದರು. ಅವರ ಸುಳಿವು ಹೇಳೆಂದು ತಮ್ಮ ಲಾರೆನ್ಸರನ್ನು ಬೆಂಗಳೂರಿನಲ್ಲಿ ಪೋಲೀಸರು ಹಿಂಸಿಸಿದರು. ‘ಸಂಸ್ಕಾರ’ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರು ಆಸ್ತಮಾ ರೋಗದಲ್ಲಿ ಬೆಂಗಳೂರು ಸೆರೆಮನೆಯಲ್ಲಿ ತಿಂಗಳುಗಟ್ಟಲೆ ನರಳಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. 1976ರ ಜೂನ್ 10ರಂದು ಕಲಕತ್ತೆಯಲ್ಲಿ ಜಾರ್ಜರೂ ಸಿಕ್ಕಿಬಿದ್ದರು. ಬಡೋದೆಯ ಡೈನಮೈಟ್ ಮೊಕದ್ದಮೆಯ ಕೈದಿಯಾಗಿ ಸೆರೆಮನೆಯಿಂದಲೇ ಬಿಹಾರದ ಮುಜಫ್ಫರಪುರದಲ್ಲಿ ಚುನಾವಣೆಗೆ ನಿಂತರು. ಬೇಡಿ ತೊಟ್ಟು ಕೈ ಎತ್ತಿದ ಅವರ ಚಿತ್ರವೊಂದೇ ಪ್ರಚಾರ ಮಾಡಿತು. ಜನ ಅವರನ್ನು 3 ಲಕ್ಷಕ್ಕೂ ಮೀರಿದ ಅಂತರದಿಂದ ಗೆಲ್ಲಿಸಿದರು.

ಇಲ್ಲಿಂದ ಮುಂದೆ ಮಂತ್ರಿಗಿರಿಯ ಅಧ್ಯಾಯ. ಅದರ ಮೊದಲ ಪುಟಗಳು ಚೆನ್ನಾಗಿಯೇ ಇವೆ. 1974ರಲ್ಲಿ ಕೆಲಸ ಕಳೆದುಕೊಂಡ ರೇಲ್ವೆ ನೌಕರರನ್ನು ಜನತಾ ಸರಕಾರ ಮರಳಿ ಕೆಲಸಕ್ಕೆ ತೆಗೆದುಕೊಂಡಿತು. ರೇಲ್ವೆ ಮಂತ್ರಿಗಳಾಗಿದ್ದವರು ಸಮಾಜವಾದಿಗಳೇ ಆದ ಮಧು ದಂಡವತೆ. ಜಾರ್ಜರಿಗೆ ಕೈಗಾರಿಕೆಯ ಖಾತೆ ಬಂತು. ಪರದೇಶಿ ಬಂಡವಾಳದ ಕಾಯದೆಯಂತೆ ನಡೆಯಲೊಪ್ಪದ ಕೋಕಾ ಕೋಲಾ ಮತ್ತು ಐಬಿಎಂ ಕಂಪನಿಗಳು ಈ ಕಾಲದಲ್ಲಿಯೇ ದೇಶ ಬಿಟ್ಟವು. ಪತ್ರಿಕೆಗಳು ಇದನ್ನೇ ದೊಡ್ಡ ಅಕ್ಷರಗಳಲ್ಲಿ ಬರೆದವು. ನಮ್ಮಂಥ ಊರುಗಳಿಗೆ ಅದಕ್ಕಿಂತ ಮುಖ್ಯವಾದದ್ದು 1977ರ ಡಿಸೆಂಬರದ ಕೈಗಾರಿಕಾ ನೀತಿ. ಸಣ್ಣ ಕೈಗಾರಿಕೆಗಳಿಗೆಂದೇ ಮೀಸಲಾಗಿದ್ದ ಸರಕುಗಳು ಆ ವರೆಗೆ 180. ಆ ನೀತಿ ಅವನ್ನು 504ಕ್ಕೆ ಏರಿಸಿತು, ಮುಂದೆ ಅದು 807ಕ್ಕೆ ಮುಟ್ಟಿತು. ದೊಡ್ಡ ಬಂಡವಾಳದವನು ಮಾಡಬಾರದ, ಚಿಕ್ಕವನೇ ಮಾಡಬೇಕಾದ ವಸ್ತುಗಳು ಇವು. 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಆರಂಭವಾದವು. ಲೈಸೆನ್ಸಿಗೂ ಸಾಲಕ್ಕೂ ರಾಜಧಾನಿಯ ಮೆಟ್ಟಿಲು ಹತ್ತುವ ಬದಲು ಜಿಲ್ಲೆಯ ಊರಲ್ಲಿಯೇ ಕೆಲಸವಾಗಲಿ ಎಂಬುದು ಅವುಗಳ ಉದ್ದೇಶ. ಇಂದಿಗೂ ಬೆಳಗಾವಿಯಲ್ಲಿ ಆ ಹೆಸರಿನ ಕಚೇರಿಯಿದೆ. ಅದು ಮಂಗಳೂರಿನ ಈ ಮುಂದಾಳುವಿನ ಕಾಲದ್ದೆಂಬುದು ಅದರ ಬಾಗಿಲಿಗೆ ಅರ್ಜಿ ಹಿಡಿದು ಹೋಗುವ ಎಷ್ಟು ಜನಕ್ಕೆ ಗೊತ್ತು?

1989ರ ಡಿಸೆಂಬರದಿಂದ ಸುಮಾರು ಒಂದು ವರುಷ ರೇಲ್ವೆ ಮಂತ್ರಿಗಳಾದರು. ಯಾವ ಇಲಾಖೆಯ ವಿರುದ್ಧ ಮುಷ್ಕರ ನಡೆಸಿದ್ದರೋ ಅದೇ ಇಲಾಖೆಯ ಒಡೆಯರಾದರು. ಆ ಸಣ್ಣ ಅವಧಿಯಲ್ಲಿಯೇ, 1990ರ ಜುಲೈದಲ್ಲಿ, ಕೊಂಕಣ ರೇಲ್ವೆ ಕಾರ್ಪೊರೇಶನ್ ಸ್ಥಾಪನೆಯಾಯಿತು. ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳಗಳೂ ಬಂಡವಾಳ ಹಾಕಿದವು. ಕರ್ನಾಟಕದ ಪಾಲು ಶೇಕಡಾ 15. ರೋಹಾದಿಂದ ಮಂಗಳೂರಿನ ವರೆಗಿನ ಆ ದಾರಿ 1998ರ ಜನವರಿಯಲ್ಲಿ ಪೂರ್ತಿ ತೆರೆಯಿತು. ಸಾಧನೆಯನ್ನು ಸಾಧನೆಯೆನ್ನಲು ನಮಗೆ ಸಂಕೋಚವಿಲ್ಲ.

ಆದರೆ ಇದೇ ಪುಸ್ತಕದಲ್ಲಿ ಬೇರೆ ಪುಟಗಳೂ ಇವೆ. 1979ರ ಜುಲೈದಲ್ಲಿ ಲೋಕಸಭೆಯಲ್ಲಿ ಮೊರಾರ್ಜಿ ದೇಸಾಯಿ ಸರಕಾರವನ್ನು ಆವೇಶದಿಂದ ಸಮರ್ಥಿಸಿ ಭಾಷಣ ಮಾಡಿದರು; ಕೆಲವೇ ದಿನಗಳಲ್ಲಿ ಆ ಸರಕಾರವನ್ನು ಬಿಟ್ಟು ಹೊರಬಂದರು. ಕಾರಣಗಳೇನೇ ಇರಲಿ, ಭಾಷಣಕ್ಕೆ ಮೊದಲಾಗಲಿ ರಾಜೀನಾಮೆಗೆ ಮೊದಲಾಗಲಿ ದುಡಿಯುವವರ ಯಾವ ಸಭೆ ಕೂಡಿತು? ಯಾವ ಸಂಘದ ಠರಾವು ಕೇಳಿದರು? 1994ರಲ್ಲಿ ಸಮತಾ ಪಕ್ಷ ಕಟ್ಟಿದರು. 1996ರಲ್ಲಿ ಅದು ಭಾರತೀಯ ಜನತಾ ಪಕ್ಷದ ಜೊತೆ ಕೂಡಿತು. 1998ರಿಂದ 2004ರ ವರೆಗೆ, 2001ರಲ್ಲಿ ರಾಜೀನಾಮೆ ಕೊಟ್ಟು ಹೊರಗಿದ್ದ ಕೆಲವು ತಿಂಗಳು ಬಿಟ್ಟು, ವಾಜಪೇಯಿ ಸರಕಾರದ ರಕ್ಷಣಾ ಮಂತ್ರಿಗಳಾಗಿದ್ದರು. ಸೈನಿಕರ ಕಷ್ಟ ನೋಡಲು ಸಿಯಾಚಿನ್ ಹಿಮದ ಮೇಲೆ ಮತ್ತೆ ಮತ್ತೆ ಹೋದರು. 2002ರಲ್ಲಿ ಗುಜರಾತದ ಹಿಂಸಾಚಾರದ ಚರ್ಚೆಯಲ್ಲಿ ಸರಕಾರದ ಪರ ನಿಂತು ಆಡಿದ ಮಾತುಗಳು ಅವರ ಹಳೆಯ ಸಂಗಡಿಗರನ್ನೇ ತಲೆತಗ್ಗಿಸುವಂತೆ ಮಾಡಿದವು. ಅವುಗಳ ವಿಚಾರ ಬಹಳ ಜನ ಬರೆದಿದ್ದಾರೆ. ಯಾರೂ ಹೆಚ್ಚು ಬರೆಯದ ಒಂದು ಸಂಗತಿಯತ್ತ ನಾವು ಕಾರ್ಮಿಕ ಬಂಧುಗಳ ಗಮನ ಸೆಳೆಯುತ್ತೇವೆ.

2004ರ ಜನವರಿ 1ರಿಂದ ಕೇಂದ್ರ ಸರಕಾರದ ಕೆಲಸಕ್ಕೆ ಸೇರುವವರಿಗೆ ಹಳೆಯ ಪಿಂಚಣಿ ಇಲ್ಲವೆಂದಾಯಿತು. ದುಡಿದಷ್ಟು ಕಾಲ ತಿಂಗಳ ಪಗಾರದಲ್ಲಿ ಒಂದು ಪಾಲು ಕಟ್ಟಬೇಕು; ಅದು ಶೇರು ಪೇಟೆಯಲ್ಲಿಯೂ ಓಡಾಡಿ ಬಂದಷ್ಟು ಬರಬೇಕು; ಮುದಿತನದಲ್ಲಿ ಕೈಗೆ ಇಷ್ಟೇ ಸಿಗುವುದೆಂಬ ಖಾತ್ರಿಯಿಲ್ಲ. ಸೈನ್ಯಕ್ಕೆ ಮಾತ್ರ ಈ ನಿಯಮದಿಂದ ವಿನಾಯಿತಿ ಸಿಕ್ಕಿತು. ರೇಲ್ವೆ ನೌಕರರಿಗೆ ಸಿಗಲಿಲ್ಲ. ಯಾವ ರೇಲ್ವೆ ನೌಕರರು 1974ರಲ್ಲಿ ಜಾರ್ಜರ ಹೆಸರಿನಲ್ಲಿ ಹೆಂಡರು ಮಕ್ಕಳೊಡನೆ ಬೀದಿಗೆ ಬಿದ್ದರೋ, ಅವರ ಮಕ್ಕಳು ಅದೇ ಹಳಿಯ ಮೇಲೆ ದುಡಿಯಲು ಬಂದಾಗ ಪಿಂಚಣಿ ಹೋಗಿತ್ತು. ಆ ನಿರ್ಣಯ ಕೈಕೊಂಡ ಮಂತ್ರಿಮಂಡಲದಲ್ಲಿ ಜಾರ್ಜರೂ ಇದ್ದರು. ಕರ್ನಾಟಕ ಸರಕಾರವೂ 2006ರ ಏಪ್ರಿಲ 1ರಿಂದ ತನ್ನ ನೌಕರರಿಗೆ ಇದೇ ದಾರಿ ಹಿಡಿಯಿತು. ಮಾಸ್ತರಿಕೆ ಮಾಡಿ ಬಂದ ನಮಗೆ ಇದರ ಬಿಸಿ ಪುಸ್ತಕದ ಮಾತಲ್ಲ. ಖಾತ್ರಿಯ ಪಿಂಚಣಿ ಬೇಕೆಂದು ನೌಕರರು ವರುಷಗಟ್ಟಲೆ ಕೂಗಿದ ಮೇಲೆ, 2025ರ ಏಪ್ರಿಲ 1ರಿಂದ ಕೇಂದ್ರ ಸರಕಾರ ಇನ್ನೊಂದು ಯೋಜನೆಯನ್ನು ತಂದು, 25 ವರುಷ ದುಡಿದವನಿಗೆ ಅರ್ಧ ಪಗಾರದ ಭರವಸೆ ಕೊಡಬೇಕಾಯಿತು.

ಸಣ್ಣ ಕೈಗಾರಿಕೆಯವರ ಕಥೆಯೂ ಹೀಗೆಯೇ. 1977ರಲ್ಲಿ ಜಾರ್ಜರು ಉದ್ದಗೊಳಿಸಿದ ಆ ಮೀಸಲು ಪಟ್ಟಿಯನ್ನು 1997ರಿಂದ ಕತ್ತರಿಸಲು ಹತ್ತಿದರು. ಅವರು ಕುಳಿತಿದ್ದ ಮಂತ್ರಿಮಂಡಲದ ಕಾಲದಲ್ಲಿಯೂ ಕತ್ತರಿ ನಿಲ್ಲಲಿಲ್ಲ. 2015ರ ಏಪ್ರಿಲದಲ್ಲಿ ಉಳಿದಿದ್ದ 20 ಸರಕುಗಳೂ ಹೋಗಿ ಪಟ್ಟಿಯೇ ಮುಗಿಯಿತು.

“ರಕ್ಷಣಾ ಮಂತ್ರಿಗೂ ಪಿಂಚಣಿಗೂ ಏನು ಸಂಬಂಧ? ಹಲವು ಪಕ್ಷಗಳ ಸರಕಾರ; ಒಬ್ಬನ ಮಾತು ಎಷ್ಟು ನಡೆದೀತು?” ಎಂದು ಕೆಲವರು ಕೇಳುತ್ತಾರೆ. ಮಾತಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಇದಕ್ಕೆ ಉತ್ತರ ನಮ್ಮ ದೇಶದ ಇತಿಹಾಸದಲ್ಲಿಯೇ ಇದೆ. ವಿ. ವಿ. ಗಿರಿಯವರೂ ರೇಲ್ವೆ ಕಾರ್ಮಿಕರ ಮುಂದಾಳುಗಳೇ. 1928ರಲ್ಲಿ ಬಂಗಾಲ-ನಾಗಪುರ ರೇಲ್ವೆಯ ಮುಷ್ಕರ ನಡೆಸಿದವರು. 1952ರಲ್ಲಿ ನೆಹರೂ ಸರಕಾರದ ಕಾರ್ಮಿಕ ಮಂತ್ರಿಗಳಾದರು. ಬ್ಯಾಂಕು ನೌಕರರ ಪರವಾಗಿ ನ್ಯಾಯಮಂಡಲಿ ಕೊಟ್ಟ ತೀರ್ಪನ್ನು ಸರಕಾರ ತಿದ್ದಿ ಕಡಿಮೆ ಮಾಡಿದಾಗ, 1954ರಲ್ಲಿ ರಾಜೀನಾಮೆ ಕೊಟ್ಟು ಹೊರಬಂದರು. ಅಲ್ಲಿಯೂ ಒಬ್ಬನ ಮಾತು ನಡೆಯಲಿಲ್ಲ. ಆದರೆ ನಡೆಯದ ಮಾತಿಗೆ ಬೆಲೆ ಕೊಟ್ಟು ಕುರ್ಚಿ ಬಿಟ್ಟರು. ಮುಂದೆ ಇದೇ ಗಿರಿಯವರು ರಾಷ್ಟ್ರಪತಿಗಳಾಗಿದ್ದಾಗಲೇ 1974ರ ಮುಷ್ಕರವನ್ನು ಸರಕಾರ ತುಳಿದದ್ದು ಎಂಬುದನ್ನೂ ಮರೆಯಬಾರದು. ಒಮ್ಮೆ ನೆಟ್ಟಗೆ ನಿಂತವನು ಯಾವಾಗಲೂ ನಿಲ್ಲುತ್ತಾನೆಂಬ ಭರವಸೆಯಿಲ್ಲ. ಆದುದರಿಂದಲೇ ಕಾರ್ಮಿಕರು ತಮ್ಮ ಭಾಗ್ಯವನ್ನು ಒಬ್ಬ ಮನುಷ್ಯನ ಗುಣಕ್ಕೆ ಗಂಟು ಹಾಕಬಾರದು.

ಜಾರ್ಜರು ಸಾದಾ ಮನುಷ್ಯರಾಗಿದ್ದರು. ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು. ದಿಲ್ಲಿಯ ಕೃಷ್ಣ ಮೆನನ್ ಮಾರ್ಗದ ತಮ್ಮ ಮನೆಯ ಗೇಟನ್ನೇ ಕೀಳಿಸಿಬಿಟ್ಟಿದ್ದರು. ಯಾರು ಬೇಕಾದರೂ ಒಳಗೆ ಹೋಗಬಹುದಾಗಿತ್ತು. ಆದರೆ ವಾಚಕರೇ, ಬಾಗಿಲಿಲ್ಲದ ಮನೆ ಬೇರೆ, ಲೆಕ್ಕ ಒಪ್ಪಿಸುವ ಸಭೆ ಬೇರೆ. ಮನೆಗೆ ಹೋದವನು ಅರ್ಜಿದಾರ. ಸಭೆಗೆ ಬಂದವನು ಧಣಿ. ತೆರೆದ ಮನೆಗೆ ಹೋಗಿ ಒಬ್ಬೊಬ್ಬರೇ ತಮ್ಮ ದುಃಖ ಹೇಳಿಕೊಂಡು ಬರುವುದಕ್ಕೂ, ಸಂಘದ ಸಭೆಯಲ್ಲಿ ಎದ್ದು ನಿಂತು “ಪಿಂಚಣಿ ಹೋಗುವಾಗ ನೀವು ಎಲ್ಲಿ ಕುಳಿತಿದ್ದಿರಿ?” ಎಂದು ಕೇಳುವುದಕ್ಕೂ ಅಜಗಜಾಂತರವಿದೆ.

ಈ ಸಭೆ ಏಕೆ ಕೂಡಲಿಲ್ಲ? ಮುಂಬಯಿಯಲ್ಲಿದ್ದಾಗ ಅವರ ಕಾಲ ಕೆಳಗಿನ ನೆಲ ಸಂಘವಾಗಿತ್ತು. ವರ್ಗಣಿ ಕೊಟ್ಟವನು ಮರುದಿನ ಬಂದರಿನಲ್ಲಿ ಎದುರಾಗುತ್ತಿದ್ದ. ಮುಜಫ್ಫರಪುರ, ನಳಂದಾಗಳಿಂದ ಗೆಲ್ಲತೊಡಗಿದ ಮೇಲೆ ಅವರನ್ನು ಗೆಲ್ಲಿಸುವುದು ಪಕ್ಷ, ಪಕ್ಷಗಳ ಕೂಟ, ಜಾತಿಯ ಲೆಕ್ಕ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ನಾವು ಅವರ ಮೇಲೆ ಹೊರಿಸುವುದಿಲ್ಲ. ಅಂಬಿಗನೂ ದಡದಲ್ಲಿ ಕುಳಿತು ಕೈ ಮುಗಿಯುತ್ತ ಉಳಿದ ಎಂಬುದೇ ನಮ್ಮ ದೂರು. ಕಡೆಗೆ 2009ರಲ್ಲಿ ಅವರ ಪಕ್ಷವೇ ಅವರಿಗೆ ಟಿಕೆಟು ಕೊಡಲಿಲ್ಲ. ಪಕ್ಷೇತರರಾಗಿ ನಿಂತು ಸೋತರು. ಸಂಘದ ನೆಲ ಬಿಟ್ಟವನಿಗೆ ಪಕ್ಷದ ನೆಲವೂ ಬಾಡಿಗೆಯದೇ.

ಅವರು ಕಟ್ಟಿದ ಆ ಬ್ಯಾಂಕಿನ ಗತಿಯೂ ಇದನ್ನೇ ಹೇಳುತ್ತದೆ. ಬಾಂಬೆ ಲೇಬರ್ ಸಹಕಾರಿ ಬ್ಯಾಂಕು ಮುಂದೆ ನ್ಯೂ ಇಂಡಿಯಾ ಸಹಕಾರಿ ಬ್ಯಾಂಕೆಂದು ಹೆಸರು ಬದಲಿಸಿ ಬೆಳೆಯಿತು. 2025ರ ಫೆಬ್ರುವರಿಯಲ್ಲಿ, ಅದರ ತಿಜೋರಿಯ 122 ಕೋಟಿ ರೂಪಾಯಿ ಕಾಣೆಯಾದ ಸುದ್ದಿ ಹೊರಬಿದ್ದಾಗ, ರಿಝರ್ವ್ ಬ್ಯಾಂಕು ಅದರ ವ್ಯವಹಾರ ನಿಲ್ಲಿಸಿತು. ಠೇವು ಇಟ್ಟವರು ಬಾಗಿಲ ಮುಂದೆ ಸಾಲುಗಟ್ಟಿ ನಿಂತರು. ಅದೇ ವರುಷ ಅದು ಬೇರೊಂದು ಸಹಕಾರಿ ಬ್ಯಾಂಕಿನಲ್ಲಿ ವಿಲೀನವಾಯಿತು. ಕಟ್ಟಿದವನ ಹೆಸರು ದೊಡ್ಡದೆಂದು ಸದಸ್ಯನು ಲೆಕ್ಕದ ಪುಸ್ತಕ ತೆರೆಯದಿದ್ದರೆ, ಹೆಸರು ತಿಜೋರಿಯನ್ನು ಕಾಯುವುದಿಲ್ಲ.

ಇದಕ್ಕೆದುರಾಗಿ ನಮ್ಮೂರನ್ನೇ ನೋಡಿರಿ. ಸಿರಸಂಗಿಯ ಲಿಂಗರಾಜ ದೇಸಾಯಿಯವರು ಕಾರ್ಮಿಕ ಮುಂದಾಳುಗಳಲ್ಲ, ಸಂಸ್ಥಾನಿಕರು. ಆದರೆ 1906ರಲ್ಲಿ ತೀರಿಕೊಳ್ಳುವ ಮುನ್ನ ತಮ್ಮ ಆಸ್ತಿಯನ್ನು ಯಾರೊಬ್ಬರ ಒಳ್ಳೆಯತನಕ್ಕೂ ಬಿಡಲಿಲ್ಲ. ಮೃತ್ಯುಪತ್ರ ಬರೆದು, ವಿದ್ಯಾರ್ಥಿಗಳ ಓದಿಗೆಂದು ಟ್ರಸ್ಟಿನ ಕಟ್ಟಿಗೆ ಒಪ್ಪಿಸಿದರು. ಅವರು ಹೋಗಿ ಎಷ್ಟೋ ದಶಕಗಳಾದ ಮೇಲೂ ಆ ಹಣದಿಂದ ಮಕ್ಕಳು ಓದಿದರು. ದೇಸಗತಿಯ ವಾಡೆಯಿಂದ ಕಾರ್ಮಿಕ ಸಂಘ ಕಲಿಯಬೇಕಾದ ಪಾಠವಿದು: ಕಟ್ಟುಪಾಡು ಮನುಷ್ಯನಿಗಿಂತ ಹೆಚ್ಚು ಬಾಳುತ್ತದೆ.

ರೇಲ್ವೆ ನೌಕರರ ಬೋನಸ್ಸನ್ನು ನೋಡಿದರೂ ಅಷ್ಟೇ. 1974ರಲ್ಲಿ ಬೂಟುಗಾಲಿನ ಕೆಳಗೆ ಸಿಕ್ಕ ಆ ಬೇಡಿಕೆ 1979-80ರಿಂದ ಉತ್ಪಾದನೆಗೆ ಜೋಡಿಸಿದ ಬೋನಸ್ಸಾಗಿ ಕೈಗೆ ಬಂತು. ಈಚಿನ ವರುಷಗಳಲ್ಲಿ ದಸರೆಯ ಹೊತ್ತಿಗೆ 78 ದಿನಗಳ ಲೆಕ್ಕದಲ್ಲಿ ಅದು ಸಿಗುತ್ತಿದೆ. ಮೀಸಲು ಪಟ್ಟಿ ಮಂತ್ರಿಯ ಸಹಿಯಿಂದ ಬಂತು, ಇನ್ನೊಬ್ಬ ಮಂತ್ರಿಯ ಸಹಿಯಿಂದ ಹೋಯಿತು. ಬೋನಸ್ಸು ಲಕ್ಷಗಟ್ಟಲೆ ಜನ ಹೊಟ್ಟೆ ಕಟ್ಟಿ ಕೇಳಿದ್ದು. ಅದನ್ನು ತೆಗೆಯುವ ಧೈರ್ಯ ಈ ವರೆಗೆ ಯಾವ ಸರಕಾರಕ್ಕೂ ಬಂದಿಲ್ಲ.

2025ರ ನವೆಂಬರ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇನ್ನು ಯಾವ ಕಾರಖಾನೆಯಲ್ಲಿಯೂ 14 ದಿನ ಮೊದಲು ನೋಟೀಸು ಕೊಡದೆ ಮುಷ್ಕರ ಹೂಡುವಂತಿಲ್ಲ. ಇಂಥ ಹೊತ್ತಿನಲ್ಲಿ ದಿಲ್ಲಿಯಲ್ಲೋ ಬೆಂಗಳೂರಿನಲ್ಲೋ ನಮ್ಮವನೊಬ್ಬ ಬೇಕೆಂಬ ಆಸೆ ಇನ್ನೂ ಬಲವಾಗುವುದು ಸಹಜ. ಕಳಿಸೋಣ, ಬೇಡವೆನ್ನುವುದಿಲ್ಲ. ಆದರೆ ಮೂರು ಕರಾರು ಬರೆಸಿಕೊಂಡು ಕಳಿಸೋಣ. ಮಂತ್ರಿಯಾದವನು ಅದೇ ದಿನ ಸಂಘದ ಅಧಿಕಾರ ಬಿಟ್ಟುಕೊಡಬೇಕು. ಅವನ ಜಾಗಕ್ಕೆ ಬರಲು ಹತ್ತು ಜನರನ್ನು ಸಂಘ ಮೊದಲೇ ತಯಾರು ಮಾಡಿರಬೇಕು. ವರುಷಕ್ಕೊಮ್ಮೆ ಸಂಘದ ಸರ್ವಸಾಧಾರಣ ಸಭೆಗೆ ಬಂದು, ಹಾರ ಹಾಕಿಸಿಕೊಳ್ಳದೆ, ದುಡಿಯುವವರಿಗೆ ಸಂಬಂಧಿಸಿದ ಪ್ರತಿಯೊಂದು ನಿರ್ಣಯದಲ್ಲಿ ತಾನೇನು ಹೇಳಿದೆ, ಏನು ಮಾಡಿದೆ ಎಂದು ಬಾಯಿ ಬಿಟ್ಟು ಹೇಳಬೇಕು. ಸಂಘ, ಸೊಸಾಯಿಟಿ, ಬ್ಯಾಂಕು — ಯಾವುದೇ ಇರಲಿ, ಅದರ ಲೆಕ್ಕವನ್ನು ಸದಸ್ಯರು ಪುಸ್ತಕ ತೆರೆದು ನೋಡಬೇಕು.

ಶಾಲೆಯಲ್ಲಿ ಎಷ್ಟೇ ಜಾಣ ಹುಡುಗನಿದ್ದರೂ ಅವನ ಹೆಸರನ್ನು ದಿನಾಲು ಕೂಗಿಯೇ ಹಾಜರಿ ಹಾಕುವ ರೂಢಿ. ಜಾಣನೆಂದು ಹಾಜರಿ ಬಿಡುವುದಿಲ್ಲ. ಗಿರಣಿಯ ಬಂಧುಗಳೇ, ಅಂಗಡಿಕಾರ ಮಿತ್ರರೇ, ಹಾಜರಿ ಪುಸ್ತಕ ನಿಮ್ಮ ಕೈಯಲ್ಲಿರಲಿ. ನಾಳೆ ನಿಮ್ಮಲ್ಲೊಬ್ಬನು ಮಂತ್ರಿಯಾದರೆ ಮೆರವಣಿಗೆ ಅವಶ್ಯ ತೆಗೆಯಿರಿ. ಮರುದಿನ ಮುಂಜಾನೆ ಅವನ ಹೆಸರನ್ನು ಗಟ್ಟಿಯಾಗಿ ಕೂಗುವುದನ್ನು ಮಾತ್ರ ಮರೆಯಬೇಡಿರಿ.